ನೂರಕ್ಕೆ ಹದಿನೈದು ಕಳೆದ ಅಳತೆಯವನು

ಈ ಸಂಗತಿಯನ್ನು ನದಿಯ ಎರಡೂ ದಡದವರು ಹೇಳುತ್ತಾರೆ. ವಿವರಗಳಲ್ಲಿ ಅಲ್ಲಲ್ಲಿ ವ್ಯತ್ಯಾಸವಿದೆ. ಅಕ್ಕ ಕೇಳಿದ ಪ್ರಶ್ನೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ.

ನದಿಯ ನೀರನ್ನು ಅಳೆಯುವ ಕಚೇರಿಯಲ್ಲಿ ಒಬ್ಬ ಅಳತೆಯವನಿದ್ದ. ದಡದಲ್ಲಿ ಐವತ್ತು ಮೀಟರ್ ಅಂತರಕ್ಕೆ ಎರಡು ಕಂಬಗಳಿದ್ದವು. ಮೇಲಿನ ಕಂಬದ ನೇರಕ್ಕೆ ಮರದ ಬಿಲ್ಲೆಯೊಂದನ್ನು ನೀರಿಗೆಸೆದು, ಅದು ಕೆಳಗಿನ ಕಂಬ ದಾಟಲು ಹಿಡಿಯುವ ಹೊತ್ತನ್ನು ಬರೆದುಕೊಳ್ಳುವುದು ಅವನ ನಿತ್ಯದ ಕೆಲಸ. ಮೇಲ್ಮೈಯ ನೀರು ಚುರುಕು, ತಳದ್ದು ನಿಧಾನ. ಆದ್ದರಿಂದ ಇಡೀ ಹೊಳೆಯ ಸರಾಸರಿ ವೇಗ ಬೇಕೆಂದರೆ ಬಿಲ್ಲೆಯ ವೇಗದಲ್ಲಿ ನೂರಕ್ಕೆ ಹದಿನೈದು ಪಾಲು ಕಳೆಯಬೇಕು. ಹದಿನೆಂಟು ವರ್ಷಗಳಿಂದ ಕಳೆದೂ ಕಳೆದೂ ಅವನ ಕೈ ಅದಕ್ಕೆ ಒಗ್ಗಿಹೋಗಿತ್ತು.

ಅವನ ಅಕ್ಕ ಮತ್ತು ಭಾವ ಜನರನ್ನು ಹೊಳೆ ದಾಟಿಸಿ ಬದುಕುತ್ತಿದ್ದರು. ಇದ್ದದ್ದು ಒಂದೇ ದೋಣಿ. ಒಂದು ಬೆಳಿಗ್ಗೆ, ಭಾವ ಕಟ್ಟಿದ್ದ ಹಗ್ಗ ಕಳಚಿಕೊಂಡು ಅದು ತೇಲಿಹೋಯಿತು. ಶಾಲೆಯಲ್ಲಿ ಒಂಬತ್ತರ ಗಂಟೆ ಬಾರಿಸುವಾಗ ಅದು ದಡ ಬಿಟ್ಟದ್ದನ್ನು ಬಟ್ಟೆ ಒಗೆಯುವವಳು ಕಂಡಿದ್ದಳು.

“ಒಂದು ಕೂಗು ಹಾಕಬಾರದಿತ್ತಾ?” ಎಂದಳು ಅಕ್ಕ.

“ನಿಮ್ಮ ಯಜಮಾನ್ರು ಅದರೊಳಗೇ ಮಲಗಿರ್ತಾರಲ್ಲ, ಇವತ್ತೂ ಹಾಗೇ ಅಂದ್ಕೊಂಡೆ.”

ಭಾವ ದೋಣಿ ಕಟ್ಟುವ ಗೂಟದಲ್ಲಿ ಉಳಿದಿದ್ದ ಹಗ್ಗವನ್ನು ಎಳೆದೆಳೆದು ನೋಡುತ್ತಿದ್ದ. “ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ಬನ್ನಿ ಸಾಕು!” ಎಂದು ಅಕ್ಕ ಗದರಿದಳು.

ಮೂರು ಕಿಲೋಮೀಟರ್ ಕೆಳಗೆ ಕಾಲುಸೇತುವೆಯಿತ್ತು, ಅದರಾಚೆ ಕಲ್ಲಿನ ಒಡ್ಡು. ಒಡ್ಡಿಗೆ ಬಡಿದರೆ ದೋಣಿ ಸೌದೆಯಾಗುತ್ತಿತ್ತು. ಸೇತುವೆಯ ಮೇಲಿಂದ ಹಗ್ಗ ಕಟ್ಟಿದ ಕೊಕ್ಕೆ ಎಸೆದು ಹಿಡಿಯುವುದೊಂದೇ ದಾರಿ. ಕೊಕ್ಕೆ ಇದ್ದದ್ದು ಅಳತೆಯವನ ಕಚೇರಿಯಲ್ಲಿ. ಗಂಡಹೆಂಡಿರು ಸೈಕಲ್ಲಿನಲ್ಲಿ ಅಲ್ಲಿಗೆ ಬಂದಾಗ ಒಂಬತ್ತು ನಲವತ್ತು.

ಅಳತೆಯವನು ಬಿಲ್ಲೆ ಎಸೆದ. ಸರಿಯಾಗಿ ಒಂದು ನಿಮಿಷ. ಕಾಗದದ ಮೇಲೆ ಲೆಕ್ಕ ಮಾಡಿದ.

“ಹೊರಟು ಎಪ್ಪತ್ತು ನಿಮಿಷಕ್ಕೆ ಸೇತುವೆ ಮುಟ್ಟತ್ತೆ, ಅಂದ್ರೆ ಹತ್ತು ಗಂಟೆ ಹತ್ತು ನಿಮಿಷಕ್ಕೆ. ಇಲ್ಲಿಂದ ಕಾಲು ಗಂಟೆ ದಾರಿ. ಕೂತ್ಕೊಳ್ಳಿ ಭಾವ, ನೀರು ಕುಡೀರಿ.”

ಭಾವ ಉಸ್ಸೆಂದು ಕುಳಿತ. ಅಕ್ಕ ನಿಂತೇ ಇದ್ದಳು, ಕಾಗದದತ್ತ ಬಗ್ಗಿದಳು.

“ಇದೇನೋ ಕಳೆದಿದ್ದೀಯಲ್ಲ ತಮ್ಮಾ, ಯಾಕೆ?”

“ತಳದ ನೀರು ನಿಧಾನ ಅಲ್ವೇನಕ್ಕ, ಅದಕ್ಕೆ.”

“ನಮ್ಮ ದೋಣಿ ತಳದಲ್ಲಿ ಹೋಗ್ತಿದೆಯೇನೋ?”

ಅಳತೆಯವನು ಮತ್ತೆ ಕಾಗದ ಎಳೆದುಕೊಂಡ. ಕಳೆಯದೆ ಲೆಕ್ಕ ಹಾಕಿದರೆ ಅರವತ್ತೇ ನಿಮಿಷ. ಗೋಡೆಯ ಗಡಿಯಾರ ಒಂಬತ್ತು ನಲವತ್ತನಾಲ್ಕು ತೋರಿಸುತ್ತಿತ್ತು. ಅವನು ಕೊಕ್ಕೆಯನ್ನು ಹೆಗಲಿಗೇರಿಸಿ ತನ್ನ ಸೈಕಲ್ ಹತ್ತಿದ. ಭಾವ ಅಕ್ಕನನ್ನು ಹಿಂದೆ ಕೂರಿಸಿಕೊಂಡು ತುಳಿದ.

ಅವರು ಸೇತುವೆಯ ನಡುವಿಗೆ ಓಡಿ ತಲುಪಿದಾಗ ದೋಣಿಯ ಮುಂಭಾಗ ಆಗಲೇ ಕೆಳಗಿಂದ ಆಚೆಗೆ ಇಣುಕಿತ್ತು. ಮೊದಲ ಎಸೆತ ನೀರಿಗೆ ಬಿತ್ತು. ಎರಡನೆಯದು ಕೂರುವ ಅಡ್ಡಹಲಗೆಗೆ ಸಿಕ್ಕಿತು. ಎಡದಡದವರ ಪ್ರಕಾರ ಅದನ್ನೆಸೆದವನು ಭಾವ, ಬಲದಡದವರ ಪ್ರಕಾರ ಅಕ್ಕ. ಅಳತೆಯವನೆಂದು ಯಾರೂ ಹೇಳುವುದಿಲ್ಲ.

ದೋಣಿಯನ್ನು ದಡಕ್ಕೆಳೆದ ಮೇಲೆ ಅಕ್ಕ ಅದರೊಳಗಿಳಿದು ತಳದ ಹಲಗೆಗಳನ್ನು ಒಂದೊಂದಾಗಿ ಅಂಗೈಯಿಂದ ಸವರಿ ನೋಡಿದಳು. ಎಲ್ಲಿಯೂ ಬಿರುಕಿರಲಿಲ್ಲ.

“ಹತ್ತಿ ಹುಟ್ಟು ಹಿಡೀರಿ. ಅಲ್ಲಿ ಜನ ಕಾಯ್ತಿದ್ದಾರೆ,” ಎಂದು ಗಂಡನಿಗೆ ಹೇಳಿದಳು.

ಅವರು ದಡದಂಚಿನ ನಿಧಾನ ನೀರು ಹಿಡಿದು ಮೇಲಕ್ಕೆ ಹೊರಟರು. ಅಳತೆಯವನು ಎರಡು ಸೈಕಲ್ಲುಗಳನ್ನು ಎರಡು ಕೈಯಲ್ಲಿ ತಳ್ಳಿಕೊಂಡು ನಡೆದೇ ಹಿಂದಿರುಗಿದ.