ಕೋಳಿ ಕಂಪನಿಯ ಗಾಡಿ

ನನ್ನ ರೇಸಿಂಗ್ ತಂಡದಲ್ಲಿ ಒಂದೇ ಗಾಡಿ, ಒಬ್ಬಳೇ ಡ್ರೈವರ್. ಓಡಿಸುವವಳು ತಂಗಿ ತ್ರಿಶಲಾ, ಮಾಲಕ ನಾನು, ಅರಿಹಂತ. ಅನಗೋಳದ ನಮ್ಮ ಲೇಥ್ ವರ್ಕ್‌ಶಾಪಿನ ಗಳಿಕೆಯನ್ನೆಲ್ಲ ಅದರ ಟೈರುಗಳೇ ನುಂಗುತ್ತಿದ್ದವು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ಓಣಿಯವರು ನಗುತ್ತಿದ್ದರು. ನಗಲಿ. ಗಾಡಿಯ ಬಾಗಿಲ ಮೇಲೆ ತೀರಿಕೊಂಡ ಅಪ್ಪನ ಹೆಸರಿತ್ತು: ಶಾಂತಿನಾಥ ರೇಸಿಂಗ್. ಅದನ್ನು ಓದಿದಾಗಲೆಲ್ಲ ನನ್ನ ಎದೆ ಉಬ್ಬುತ್ತಿತ್ತು.

ಖಾನಾಪುರದ ಮಣ್ಣಿನ ಟ್ರ್ಯಾಕಿನ ರೇಸಿಗೆ ಒಂದು ತಿಂಗಳಿದ್ದಾಗ ಗುರುಪುತ್ರಪ್ಪ ಎನ್ನುವವರು ವರ್ಕ್‌ಶಾಪಿಗೆ ಬಂದರು. ಕೋಳಿಮಾಂಸ ಮಾರುವ ಕಂಪನಿಯೊಂದರ ಮ್ಯಾನೇಜರು. ಹೊಸ ಎಂಜಿನ್, ವರ್ಷದ ಟೈರು, ಮೆಕ್ಯಾನಿಕ್ಕು, ಎಲ್ಲ ಕಂಪನಿಯದು. ಬದಲಿಗೆ ತಂಡದಲ್ಲಿ ಅರ್ಧ ಪಾಲು, ಮತ್ತು ಗಾಡಿಯ ಮೇಲೂ ಡ್ರೈವರಿನ ಅಂಗಿಯ ಮೇಲೂ ಕಂಪನಿಯ ಕೋಳಿಚಿತ್ರ.

"ನಾವು ಜೈನರು ಅನ್ನೂದು ಗೊತ್ತೈತಿಲ್ರಿ?" ಎಂದೆ.

"ನಾನರ ಎಲ್ಲಿ ತಿಂತೇನ್ರಿ? ಕೊಳ್ಳಾಗ ಲಿಂಗ ಐತಿ. ಇದು ನೌಕರಿ ರೀ," ಎಂದು ಅವರು ನಕ್ಕರು.

ನನಗೆ ನಗು ಬರಲಿಲ್ಲ. ಶಾಂತಿನಾಥ ತೀರ್ಥಂಕರರ ಹೆಸರಿನ ಪಕ್ಕದಲ್ಲಿ ಕೋಳಿ! ಬಸದಿಗೆ ಯಾವ ಮುಖ ಹೊತ್ತು ಹೋಗಲಿ? ತ್ರಿಶಲಾ ಬರುವ ತನಕವೂ ಕಾಯದೆ ಅವರನ್ನು ಸಾಗಹಾಕಿದೆ.

"ನನ್ನ ಒಂದ ಮಾತ ಕೇಳಬೇಕಂತ ಅನಿಸಲಿಲ್ಲೇನ?" ಎಂದಳು ತಂಗಿ.

"ತಂಡ ನಂದು."

"ಗಾಡಿ ನಿಂದು, ಖರೇ. ಓಡಸೂ ಕೈ ನನ್ನವು. ಇನ್ನ ಎಷ್ಟ ವರ್ಷ ಸವದ ಟೈರಿನ ಮ್ಯಾಲೆ ಜಾರಲಿ, ಅಣ್ಣಾ?"

ವಾರದೊಳಗೆ ಆ ಕಂಪನಿ ಸಾಂಬ್ರಾದ ತಂಡವೊಂದನ್ನು ಇಡಿಯಾಗಿ ಕೊಂಡಿತು. ಅದರ ಡ್ರೈವರ್ ಆಗಿ ಸೇರಿದವಳು ನನ್ನ ತಂಗಿ. ಒಂದೇ ಮನೆಯಲ್ಲಿದ್ದೂ ನಾನು ಅವಳೊಂದಿಗೆ ಮಾತು ಬಿಟ್ಟೆ.

ರೇಸಿನ ದಿನ ಮಧ್ಯಾಹ್ನ ಅವ್ವ ಊಟದ ಡಬ್ಬಿಯನ್ನು ನನ್ನ ಕೈಗಿಟ್ಟಳು. "ತ್ರಿಶಲಾ ಮುಂಜಾನೆ ಏನೂ ತಿನ್ನಲಾರದ ಹಂಗ ಹ್ವಾದ್ಲು. ಹೊತ್ತ ಮುಳಗೂದರೊಳಗ ಕೊಡು. ಆಮ್ಯಾಲ ಅಕಿ ಮುಟ್ಟಂಗಿಲ್ಲ."

ಹೌದು, ಸೂರ್ಯ ಮುಳುಗಿದ ಮೇಲೆ ಉಣ್ಣಬಾರದೆಂಬ ನಮ್ಮ ಮನೆಯ ನೇಮವನ್ನು ನಾನು ಆಗೀಗ ಮುರಿದಿದ್ದೇನೆ. ತ್ರಿಶಲಾ ಎಂದೂ ಮುರಿದವಳಲ್ಲ.

ಖಾನಾಪುರದಲ್ಲಿ ಧೂಳಿಗೆ ನೀರು ಹೊಡೆಯುವ ಟ್ಯಾಂಕರ್ ತಡವಾಗಿ ಬಂತು. ಸುತ್ತುಗಳೆಲ್ಲ ತಡವಾದವು, ಫೈನಲ್ಲನ್ನು ಲೈಟು ಹಾಕಿ ಓಡಿಸುತ್ತಾರೆಂದು ಸಾರಿದರು. ನಡುವಿನ ಬಿಡುವಿನಲ್ಲಿ ತ್ರಿಶಲಾ ನೋಡುಗರನ್ನು ತಡೆಯಲು ಕಟ್ಟಿದ್ದ ಹಗ್ಗದ ಹತ್ತಿರ ಬಂದಳು. ಹೊತ್ತು ಇನ್ನೂ ಇತ್ತು.

"ಅವ್ವ ಡಬ್ಬಿ ಕೊಟ್ಟಾಳೇನ? ಭಾಳ ಹಸದೇತಿ."

ಡಬ್ಬಿ ನನ್ನ ಕೈಯಲ್ಲೇ ಇತ್ತು. ಅವಳ ಅಂಗಿಯ ಮೇಲಿನ ಹಳದಿ ಕೋಳಿ ಕಂಡು ಮೈ ಉರಿಯಿತು. "ನಿಮ್ಮ ಕಂಪನಿ ಸ್ಟಾಲಿನ್ಯಾಗ ಕರದ ಕೋಳಿ ಹಂಚಾಕತ್ತಾರಲ್ಲ. ಅಲ್ಲೇ ಹೋಗಿ ತಿನ್ನು," ಎಂದೆ.

ಅವಳು ನನ್ನನ್ನು ಒಮ್ಮೆ ನೋಡಿ ತಿರುಗಿ ಹೋದಳು. ಒಂದು ಗಳಿಗೆ ಗೆದ್ದೆ ಅನ್ನಿಸಿತು, ನಾಚಿಕೆಗೇಡಿ ನಾನು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಮನಸ್ಸು ತಡೆಯದೆ ಡಬ್ಬಿ ಹಿಡಿದು ಅವಳ ಗಾಡಿಯತ್ತ ಓಡುವಷ್ಟರಲ್ಲಿ ಸೂರ್ಯ ಮುಳುಗಿದ್ದ.

"ಹೊತ್ತ ಮುಳಗೇತಿ, ಅಣ್ಣಾ," ಎಂದು ಅವಳು ಡಬ್ಬಿಯನ್ನು ಹಿಂದಕ್ಕೆ ಸರಿಸಿದಳು. ತುಟಿಗಳು ಒಣಗಿದ್ದವು. "ಅವ್ವಗ ಉಂಡ್ಲು ಅಂತ ಹೇಳು. ಸುಮ್ನ ಮನಸ್ಸಿಗೆ ಹಚ್ಚಗೋತಾಳ."

ಹಸಿದುಕೊಂಡೇ ಓಡಿಸಿ ಮೂರನೆಯವಳಾಗಿ ಬಂದಳು. ನೀರಿನ ಟ್ಯಾಂಕರ್ ಓಡಿಸುವ ಹಣಮಪ್ಪ ಎನ್ನುವವನಿಗೆ ಊಟ ಕೊಟ್ಟು, ಖಾಲಿ ಡಬ್ಬಿ ಹಿಡಿದು ನಾನೊಬ್ಬನೇ ಮನೆಗೆ ಬಂದೆ.

ಅವ್ವ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. "ಹೊತ್ತ ಇರೂದರೊಳಗನ ಉಂಡ್ಲಲ್ಲ?"

"ಹೂಂ."

"ನೀ ಹೋಗಿದ್ದಿ ಅಂತ ನನಗ ಕಾಳಜಿನ ಇರಲಿಲ್ಲ ನೋಡು," ಎಂದಳು ಅವ್ವ.