ಮೂರು ಮಂಕರಿ ಮಣ್ಣು

ಹಾರೆ ಠಣ್ಣೆಂದು ಬಂಡೆಗೆ ಬಡಿದಾಗ ಗುಂಡಿ ಇನ್ನೂ ಮೊಳಕಾಲುದ್ದ ಇಳಿದಿರಲಿಲ್ಲ. ಮರಿಯಣ್ಣ ಒಂದು ಮಾರು ಆಚೆ ಅಗೆದ, ಅಲ್ಲೂ ಬಂಡೆಯೇ. ಅಣ್ಣ ಬೋರಯ್ಯನ ಹೆಣವನ್ನು ದಿಣ್ಣೆಯ ಹೊಲಕ್ಕೆ ಹೊತ್ತು ತಂದಾಗಿತ್ತು. ಮೂವತ್ತು ವರ್ಷದ ಹಿಂದೆ ಇದೇ ಹೊಲದಲ್ಲಿ ಅಪ್ಪನಿಗೆ ಆಳುದ್ದ ಗುಂಡಿ ತೋಡಿದ್ದವನೂ ಮರಿಯಣ್ಣನೇ.

“ಅತ್ತಿಗೆ, ಇಲ್ಲಿ ಮಣ್ಣೇ ಇಲ್ಲ. ಇಷ್ಟರಲ್ಲಿ ಮಡಗಿದ್ರೆ ನರಿ ಬಿಡಾಕಿಲ್ಲ. ಊರ ಸುಡುಗಾಡಿಗೇ ತಗಂಡೋಗಾನ,” ಎಂದ.

ಗಿರಿಯಮ್ಮ ಒಪ್ಪಲಿಲ್ಲ. ಸಾಯುವ ಮುಂಚೆ ಗಂಡ ಬಾಯಿಬಿಟ್ಟು ಕೇಳಿದ್ದು ಅಪ್ಪನ ಮಗ್ಗುಲಿನ ಜಾಗ ಒಂದನ್ನೇ. ಆಗಲಿ ಎಂದು ಕೈ ಹಿಡಿದು ಹೇಳಿದ್ದಳು.

*

ಆ ದಿಣ್ಣೆಯ ತುಂಬ ಹಿಂದೆ ಬಾಗೆ, ಕಮರದ ಮರಗಳಿದ್ದವು. ರೈಲು ಸೌದೆ ಸುಡುತ್ತಿದ್ದ ಕಾಲ ಅದು. ಮದುವೆಯಾದ ವರ್ಷದಿಂದ ಬೋರಯ್ಯ ಮರ ಕಡಿದು, ಗಾಡಿಗೆ ಹೇರಿ ಅರಸೀಕೆರೆ ಸ್ಟೇಷನ್ನಿಗೆ ಹೊಡೆದ. ಗಿರಿಯಮ್ಮನ ಮೂಗುಬೊಟ್ಟೂ ಆ ಸೌದೆಯದೇ. ಬೋಳಾದ ದಿಣ್ಣೆಯ ಮೇಲೆ ಒಂದು ವರ್ಷ ಚಿತ್ತೆ ಮಳೆ ಮೂರು ದಿನ ಸುರಿಯಿತು. ಕೆಂಪು ನೀರು ಹೊಲವನ್ನೇ ಎಳೆದುಕೊಂಡು ಕೆರೆಗೆ ಇಳಿಯಿತು. ಆಮೇಲೆ ವರ್ಷವರ್ಷವೂ ಅದೇ ಆಯಿತು.

ಬೇಸಿಗೆಯಲ್ಲಿ ಕೆರೆ ಬತ್ತಿದರೆ ಸಾಕು, ಬೋರಯ್ಯ ದಿನಕ್ಕೆ ಮೂರು ಮಂಕರಿ ಮಣ್ಣನ್ನು ತಲೆಯ ಮೇಲೆ ಹೊತ್ತು ದಿಣ್ಣೆ ಹತ್ತುತ್ತಿದ್ದ. ಹೊತ್ತದ್ದು ಮುಂದಿನ ಮಳೆಗೆ ಮುಕ್ಕಾಲು ಇಳಿದುಹೋಗುತ್ತಿತ್ತು. ಊರೇ ನಗುತ್ತಿತ್ತು, ಗಿರಿಯಮ್ಮನೂ ನಕ್ಕಿದ್ದಳು.

“ಮರ ನಾನು ಕಡಿದೆ, ಮಣ್ಣ ಮಳೆ ತಗಂಡೋಯ್ತು,” ಅಂದಿದ್ದ ಅವನು. “ಮಳೆ ವಾಪಸ್ ತಂದು ಕೊಡಾಕಿಲ್ಲ ಕಣೇ. ನಾನಾದ್ರೂ ಹೊರಬೇಕಲ್ಲ.”

*

“ಅವರ ಮಣ್ಣು ಕೆರೇಲೈತೆ,” ಎಂದಳು ಗಿರಿಯಮ್ಮ, ಹೆಣದ ಜೊತೆ ಬಂದಿದ್ದ ಊರವರಿಗೆ. “ಮೂರು ಹಿಡಿ ಹಾಕಾಕೆ ಬಂದಿದ್ದೀರಿ. ಒಬ್ಬೊಬ್ರೂ ಮೂರು ಮಂಕರಿ ಹಾಕಿ.”

ಒಣಗಿದ ಕೆರೆಯಂಗಳದಲ್ಲಿ ಬೋರಯ್ಯ ಅಗೆದಿದ್ದ ಗುಂಡಿಯ ಅಂಚಿಗೆ ಬಂದವರು ಹಾಗೇ ನಿಂತುಬಿಟ್ಟರು. ತಳದಲ್ಲಿ ಮೊಳದಷ್ಟು ಕಪ್ಪು ಗೋಡುಮಣ್ಣು. ಅಜ್ಜ ಮುತ್ತಜ್ಜಂದಿರ ಕಾಲದ್ದೆಲ್ಲ ಸೇರಿ ಅಷ್ಟೇ. ಅದರ ಮೇಲೆ ಎದೆಮಟ್ಟ ಕೆಂಪು ಮಣ್ಣು, ರೊಟ್ಟಿ ಪೇರಿಸಿಟ್ಟ ಹಾಗೆ ಪದರ ಪದರ, ಒಂದೊಂದು ಮಳೆಗಾಲಕ್ಕೆ ಒಂದೊಂದು. ಬೋರಯ್ಯನ ಹಾಗೆ ಸೌದೆ ಗಾಡಿ ಹೊಡೆದವರು ಆ ಗುಂಪಿನಲ್ಲಿ ಇನ್ನೂ ಹಲವರಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಬ್ಬ ಮನುಷ್ಯನ ಆಯುಸ್ಸು ಮುಗಿಯುವಷ್ಟರಲ್ಲಿ ಭೂಮಿಯೇ ಜಾಗ ಬದಲಾಯಿಸಿತ್ತಲ್ಲ ಎಂದು ಗಿರಿಯಮ್ಮನ ಮೈ ಜುಮ್ಮೆಂದಿತು. ಇಷ್ಟು ದೊಡ್ಡದಕ್ಕೆ ಎದುರಾಗಿ ತನ್ನ ಗಂಡ ಒಂದು ಮಂಕರಿ ಹಿಡಿದು ನಿಂತಿದ್ದ.

ಹೊತ್ತು ಇಳಿಯುವಷ್ಟರಲ್ಲಿ ಬೋರಯ್ಯನ ಮೇಲೆ ಎದೆಯೆತ್ತರ ಗುಡ್ಡೆ ಎದ್ದಿತು. ಇಡೀ ದಿಣ್ಣೆಯಲ್ಲಿ ಮಣ್ಣು ಅಂತ ಇದ್ದದ್ದು ಅಲ್ಲೇ. ಜನ ಕೈಕಾಲು ತೊಳೆದು ಊರ ಕಡೆ ಹೊರಟರು. ಅತ್ತಿಗೆ ಬರಲೆಂದು ಮರಿಯಣ್ಣ ಕಾದು ನಿಂತ.

ಗಿರಿಯಮ್ಮ ಗಂಡನ ಖಾಲಿ ಮಂಕರಿಯನ್ನು ಕಂಕುಳಿಗೆ ಇಟ್ಟುಕೊಂಡು ಮತ್ತೆ ಕೆರೆಗೆ ಇಳಿಯುತ್ತಿದ್ದಳು.