ಬರಿ ಬೆನ್ನಿನ ಪರೀಕ್ಷೆ

ಇಗರ್ಜಿಯಲ್ಲಿ ಶುಕ್ರವಾರದ ಪೂಜೆ ಮುಗಿಸಿ ಉಮ್ಮ್ ಸಲಾಲ್ ಊರಿನಾಚೆಯ ಮರಳುಗಾಡಿಗೆ ಹೋದೆವು. ಅಣ್ಣ ಕ್ಲೈವ್ ಹೊಸ ಆಟದ ಬಂದೂಕು ತಂದಿದ್ದ. ಬ್ಯಾಟರಿಯದು, ಒತ್ತಿ ಹಿಡಿದರೆ ಪ್ಲಾಸ್ಟಿಕ್ ಗುಂಡುಗಳನ್ನು ಒಂದೇ ಸಮನೆ ಕಾರುವಂಥದ್ದು. ಇಂಥ ಬಂದೂಕು ಹಿಡಿದು ಯುದ್ಧದಾಟ ಆಡುವ ಅವನ ಗೆಳೆಯರ ತಂಡದಲ್ಲೊಂದು ಕಟ್ಟಳೆಯಿತ್ತು: ಹೊಸ ಬಂದೂಕನ್ನು ಆಟಕ್ಕಿಳಿಸುವ ಮುಂಚೆ, ತಂದವನೇ ಅದರ ಏಟನ್ನು ಬರಿ ಬೆನ್ನಿಗೆ ತಿನ್ನಬೇಕು.

"ಇವಳೇ ಹೊಡೀಲಿ," ಎಂದು ಕ್ಲೈವ್ ನನ್ನತ್ತ ಬೆರಳು ತೋರಿಸಿ, ಅಂಗಿ ಕಳಚಿ ತಿರುಗಿ ನಿಂತ. "ಜಿರಳೆ ಕೊಲ್ಲಲಿಕ್ಕೂ ಧೈರ್ಯ ಇಲ್ಲ ಮಾರಾಯ ಇವಳಿಗೆ."

ಗೆಳೆಯರು ನಕ್ಕರು. ಮೊನ್ನೆ ಆಫೀಸಿನ ಯಜ್ಞೇಶ್ ನನ್ನನ್ನು ಕಾರಿನಲ್ಲಿ ಮನೆಗೆ ಬಿಟ್ಟದ್ದಕ್ಕೆ, ಇವರೆಲ್ಲರ ಎದುರೇ ಅಣ್ಣ ನನ್ನ ಕೆನ್ನೆಗೆ ಹೊಡೆದಿದ್ದ. ಆಗಲೂ ಇವರು ನಕ್ಕಿದ್ದರು.

ತಂಡದ ನಾಯಕ ಫ್ಲಾಯ್ಡ್ ಬಂದೂಕು ಕೈಗಿತ್ತು, "ಒಮ್ಮೆ ಒತ್ತಿ ಬಿಡು, ಸಾಕು," ಎಂದ.

ಒತ್ತಿದೆ. ಬಿಡಲಿಲ್ಲ. ಕ್ಲೈವನ ಬೆನ್ನ ತುಂಬ ಕೆಂಪು ಬೊಬ್ಬೆಗಳೆದ್ದವು, ಒಂದೆರಡು ಒಡೆದು ರಕ್ತ ಇಳಿಯಿತು. ಅವನು ಮಂಡಿಯೂರಿ ಕಿರುಚಿದ.

"ಖಲಾಸ್! ಸಾಕು ಮಾರಾಯ್ತಿ, ಬಿಡೇ!"

ಗುಂಡು ಮುಗಿಯುವ ತನಕ ಒತ್ತಿಯೇ ಇದ್ದೆ. ಈ ಸಲ ಯಾರೂ ನಗಲಿಲ್ಲ. ಬಂದೂಕನ್ನು ಫ್ಲಾಯ್ಡ್‌ಗೆ ಮರಳಿಸಿದೆ.

"ಹತ್ತಿರದಿಂದ ಹೊಡೆದರೆ ಚರ್ಮ ಹರೀತದೆ," ಎಂದೆ. "ದೂರದಿಂದಾದರೆ ತೊಂದರೆ ಇಲ್ಲ, ಆಡಬಹುದು."